ಬ್ರೌಸರ್ ಯಾವುದಾದರೂ ಕರ್ಸರ್ ಹೇಳುವ ಮಾತು ಒಂದೇ ಇರಲಿ

ಬೆಂಗಳೂರಿನ ಸರ್ವಜ್ಞನಗರದ ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರ, ಎಚ್‌ಬಿಆರ್ ಬಡಾವಣೆಗಳಲ್ಲಿ ಶಾಲೆ, ಕ್ಲಿನಿಕ್, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪ ಎಲ್ಲಕ್ಕೂ ಈಗ ಒಂದೊಂದು ವೆಬ್‌ಸೈಟ್ ಬೇಕು. ಅದನ್ನು ಮಾಡಿಕೊಡುವ ಸಣ್ಣ ಆಫೀಸುಗಳೂ ಇದೇ ಬೀದಿಗಳಲ್ಲಿವೆ. ಹೀಗೆ ತಯಾರಾದ ಒಂದೇ ಪುಟವನ್ನು ಸೈಬರ್ ಸೆಂಟರಿನವರು ವಿಂಡೋಸ್‌ನ ಕ್ರೋಮ್‌ನಲ್ಲಿ ತೆರೆಯುತ್ತಾರೆ, ನಾಗವಾರದ ಟೆಕ್ ಪಾರ್ಕಿನ ಉದ್ಯೋಗಿ ಎಡ್ಜ್‌ನಲ್ಲಿ, ಡಿಸೈನರ್ ಮ್ಯಾಕ್‌ನ ಸಫಾರಿಯಲ್ಲಿ, ಶಾಲೆಯ ಲ್ಯಾಬಿನ ಮಕ್ಕಳು ಉಬುಂಟುವಿನ ಫೈರ್‌ಫಾಕ್ಸ್‌ನಲ್ಲಿ. ಒಂದು ಕಡೆ ಕೈ ಗುರುತು ಬಂದ ಜಾಗದಲ್ಲಿ ಇನ್ನೊಂದು ಕಡೆ ಬರಿಯ ಬಾಣ ನಿಂತಿರುತ್ತದೆ. ಒಂದರಲ್ಲಿ ಬಿಳಿ ಬಾಣ, ಇನ್ನೊಂದರಲ್ಲಿ ಕಪ್ಪು. ಎಲ್ಲ ಬ್ರೌಸರಿನಲ್ಲೂ ಕರ್ಸರ್ ಒಂದೇ ತರ ಕಾಣುವಂತೆ ಮಾಡಿಕೊಡಿ ಎಂಬ ಬೇಡಿಕೆ ಆಗ ಹುಟ್ಟುತ್ತದೆ. ಈ ಬೇಡಿಕೆಯಲ್ಲಿ ಅರ್ಧ ನ್ಯಾಯವಿದೆ, ಅರ್ಧ ಹಾನಿಯಿದೆ. ಯಾವ ಜಾಗದಲ್ಲಿ ಕರ್ಸರ್ ಏನು ಹೇಳಬೇಕು ಎಂಬುದು ಎಲ್ಲ ಬ್ರೌಸರುಗಳಲ್ಲೂ ಒಂದೇ ಆಗಿರಬೇಕು, ಮತ್ತು ಅದನ್ನು ಇಂದು ಕೆಲವೇ ಸಾಲುಗಳಲ್ಲಿ ಸಾಧಿಸಬಹುದು. ಆ ಮಾತು ಹೇಳುವ ಚಿತ್ರದ ಗಾತ್ರ, ಬಣ್ಣ, ಆಕಾರಗಳನ್ನು ಮಾತ್ರ ಮೌಸ್ ಹಿಡಿದವರ ಕಂಪ್ಯೂಟರಿಗೇ ಬಿಡಬೇಕು. ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ ಎಂಬುದಕ್ಕೆ ಆಧಾರಗಳನ್ನು ಮುಂದೆ ಕೊಟ್ಟಿದ್ದೇನೆ, ಮಾಡುವ ವಿಧಾನವನ್ನೂ ಜೊತೆಜೊತೆಗೇ ಹೇಳಿದ್ದೇನೆ.

ಮೊದಲು ಕರ್ಸರ್ ಪರದೆಯ ಮೇಲೆ ಬರುವ ದಾರಿಯನ್ನು ನೋಡಬೇಕು. ಅದರ ಹಿಂದೆ ಮೂವರ ಕೆಲಸವಿದೆ. ಪುಟ ಬರೆದವರು ಸಿಎಸ್‌ಎಸ್ ಎಂಬ ಅಲಂಕಾರ ಭಾಷೆಯಲ್ಲಿ, ಈ ಜಾಗಕ್ಕೆ ಇಂಥ ಕರ್ಸರ್ ಬೇಕು ಎಂದು ಹೆಸರು ಹಿಡಿದು ಕೇಳುತ್ತಾರೆ. ಬ್ರೌಸರ್ ಆ ಹೆಸರನ್ನು ಓದಿ, ತನಗೆ ಗೊತ್ತಿದ್ದರೆ ಆಪರೇಟಿಂಗ್ ಸಿಸ್ಟಮ್‌ಗೆ ದಾಟಿಸುತ್ತದೆ. ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್ ತನ್ನ ಬಳಿಯಿರುವ ಚಿತ್ರವನ್ನು ಪರದೆಯ ಮೇಲೆ ಬಿಡಿಸುತ್ತದೆ. ವಿಂಡೋಸ್‌ನ ಬಾಣ ಕಪ್ಪಂಚಿನ ಬಿಳಿ, ಮ್ಯಾಕ್‌ನದು ಬಿಳಿಯಂಚಿನ ಕಪ್ಪು. ಲಿನಕ್ಸ್‌ನಲ್ಲಿ ಬಳಕೆದಾರರು ಆರಿಸಿಕೊಂಡ ಥೀಮ್ ಹೇಗೋ ಹಾಗೆ. ಶಿವಾಜಿನಗರದಿಂದ ಹೊರಡುವ ಬಸ್ಸಿನ ನಂಬರ್ ತಗಡಿನ ಮೇಲೆ ಬಣ್ಣದಲ್ಲಿ ಬರೆದಿರಲಿ, ಎಲ್‌ಇಡಿ ಫಲಕದಲ್ಲಿ ಓಡಲಿ, ನಿಲ್ದಾಣದಲ್ಲಿ ನಿಂತವರಿಗೆ ಬೇಕಾದದ್ದು ಆ ನಂಬರ್. ಹಾಗೆಯೇ ಬಾಣದ ಬಣ್ಣ ಬೇರೆಯಾದದ್ದು ದೋಷವಲ್ಲ. ಲಿಂಕ್ ಮೇಲೆ ಒಂದು ಬ್ರೌಸರಿನಲ್ಲಿ ಕೈ, ಇನ್ನೊಂದರಲ್ಲಿ ಬಾಣ ಬಂದರೆ ಅದು ದೋಷ, ಅದನ್ನು ಸರಿಪಡಿಸಲೇಬೇಕು.

ಇಂಥ ದೋಷಗಳು ಒಂದು ಕಾಲದಲ್ಲಿ ನಿಜಕ್ಕೂ ಹೇರಳವಾಗಿದ್ದವು. 1998ರ ಮೇ ತಿಂಗಳಲ್ಲಿ ಡಬ್ಲ್ಯು3ಸಿ ಸಂಸ್ಥೆ ಸಿಎಸ್‌ಎಸ್‌ನ ಎರಡನೇ ಆವೃತ್ತಿಯನ್ನು ಹೊರತಂದಾಗ ಕರ್ಸರ್ ಎಂಬ ಗುಣ ಮೊದಲ ಬಾರಿಗೆ ಅಧಿಕೃತವಾಗಿ ಬಂತು. ಲಿಂಕಿನ ಕೈ ಗುರುತಿಗೆ ಅದು ಕೊಟ್ಟ ಹೆಸರು ಪಾಯಿಂಟರ್. ಆದರೆ ಅಂದಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅದೇ ಕೈಯನ್ನು ಹ್ಯಾಂಡ್ ಎಂದು ಕರೆಯುತ್ತಿತ್ತು, ಅದರ 5.5ನೇ ಆವೃತ್ತಿಯವರೆಗೂ ಪಾಯಿಂಟರ್ ಎಂದರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ವೆಬ್ ಬರೆಯುವವರು ಒಂದರ ಕೆಳಗೊಂದು ಎರಡು ಸಾಲು ಬರೆಯುವ ರೂಢಿ ಬೆಳೆಸಿಕೊಂಡರು: ಮೊದಲು ಪಾಯಿಂಟರ್, ಆಮೇಲೆ ಹ್ಯಾಂಡ್. ತನಗೆ ತಿಳಿಯದ ಹೆಸರು ಬಂದರೆ ಬ್ರೌಸರ್ ಆ ಸಾಲನ್ನು ಮಾತ್ರ ಬಿಟ್ಟು ಮುಂದೆ ಹೋಗುವುದರಿಂದ ಈ ಉಪಾಯ ನಡೆಯುತ್ತಿತ್ತು. ಮುಷ್ಟಿ ಬಿಚ್ಚಿದ ಕೈ, ಮುಷ್ಟಿ ಹಿಡಿದ ಕೈ, ಭೂತಗನ್ನಡಿ ಇವುಗಳಿಗೆ ಫೈರ್‌ಫಾಕ್ಸ್ ಮತ್ತು ಕ್ರೋಮ್ ಬಹುಕಾಲ ತಮ್ಮ ತಮ್ಮ ಎಂಜಿನ್ನಿನ ಹೆಸರನ್ನು ಮುಂದೆ ಅಂಟಿಸಿಕೊಂಡು, ಮೊಜ್, ವೆಬ್‌ಕಿಟ್ ಎಂಬ ಪೂರ್ವಪದ ಕೇಳುತ್ತಿದ್ದವು. ಫೈರ್‌ಫಾಕ್ಸ್ 2014ರ ಹೊತ್ತಿಗೆ ಈ ಅಂಟನ್ನು ಬಿಟ್ಟಿತು. ಕ್ರೋಮ್ ಕೈ ಗುರುತುಗಳ ವಿಷಯದಲ್ಲಿ ಬಿಟ್ಟದ್ದು 2018ರಲ್ಲಿ, 68ನೇ ಆವೃತ್ತಿಯಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಡಬ್ಲ್ಯು3ಸಿ ಕರ್ಸರುಗಳ ಪೂರ್ಣ ಪಟ್ಟಿಯಿರುವ ಬಳಕೆದಾರ ಸಂಪರ್ಕ ಭಾಗವನ್ನು ಅಂತಿಮ ಶಿಫಾರಸಾಗಿ ಪ್ರಕಟಿಸಿತು. 2020ರಲ್ಲಿ ಎಡ್ಜ್ ಕೂಡ ಕ್ರೋಮ್‌ನ ಎಂಜಿನ್ನಿಗೇ ಬದಲಾಯಿತು, 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ನಿವೃತ್ತಿಯಾಯಿತು. ಅಂದರೆ ಹೆಸರುಗಳ ಜಗಳ ಮುಗಿದಿದೆ. ಹಳೆಯ ಸೈಟುಗಳ ಕಡತದಲ್ಲಿ ಇನ್ನೂ ಉಳಿದಿರುವ ಹ್ಯಾಂಡ್ ಸಾಲುಗಳನ್ನೂ ಪೂರ್ವಪದದ ಸಾಲುಗಳನ್ನೂ ಇಂದು ನಿಶ್ಚಿಂತೆಯಿಂದ ಅಳಿಸಿಹಾಕಬಹುದು.

ಉಳಿದಿರುವುದು ಸರಿಯಾದ ಜಾಗಕ್ಕೆ ಸರಿಯಾದ ಹೆಸರು ಇಡುವ ಕೆಲಸ. ಕಡತದಲ್ಲಿ ಈ ಹೆಸರುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು, ಎರಡು ಪದ ಸೇರಿದ್ದರೆ ನಡುವೆ ಒಂದು ಅಡ್ಡಗೆರೆ. ಲಿಂಕಿಗೆ ಪಾಯಿಂಟರ್, ಅಕ್ಷರ ಆರಿಸುವ ಜಾಗಕ್ಕೆ ಟೆಕ್ಸ್ಟ್. ಇವೆರಡನ್ನೂ ಬ್ರೌಸರ್ ತಾನಾಗಿಯೇ ಕೊಡುತ್ತದೆ, ನಾವು ಮುಟ್ಟದಿದ್ದರೆ ಸಾಕು. ಕಾಯುವ ಹೊತ್ತಿಗೆ ಎರಡು ಹೆಸರುಗಳಿವೆ, ಇವುಗಳ ವ್ಯತ್ಯಾಸವನ್ನು ಬಹಳ ಮಂದಿ ಗಮನಿಸುವುದಿಲ್ಲ. ವೇಟ್ ಎಂದರೆ ಏನನ್ನೂ ಮುಟ್ಟಬೇಡಿ, ಕಾಯಿರಿ. ಪ್ರೋಗ್ರೆಸ್ ಎಂದರೆ ಹಿಂದೆ ಕೆಲಸ ನಡೆಯುತ್ತಿದೆ, ನೀವು ನಿಮ್ಮ ಕೆಲಸ ಮುಂದುವರಿಸಿ. ಇದರಲ್ಲಿ ಬಾಣದ ಪಕ್ಕದಲ್ಲಿ ತಿರುಗುವ ಚಿಹ್ನೆ ಬರುತ್ತದೆ. ಶಾಲೆಯ ಶುಲ್ಕ ಕಟ್ಟುವ ಪುಟದಲ್ಲಿ ಹಣ ಹೋಗುತ್ತಿರುವಾಗ ವೇಟ್ ಬೇಕು, ಏಕೆಂದರೆ ಎರಡನೇ ಸಲ ಒತ್ತಿದರೆ ಎರಡು ಸಲ ಹಣ ಕಡಿತವಾಗುವ ಅಪಾಯವಿದೆ. ಅದೇ ಸೈಟಿನಲ್ಲಿ ಹಿಂದಿನ ವರ್ಷಗಳ ಫೋಟೊಗಳು ಇಳಿಯುತ್ತಿರುವಾಗ ವೇಟ್ ಹಾಕಿದರೆ ಪುಟವೇ ಸತ್ತಿತೆಂದು ಜನ ಮುಚ್ಚಿ ಹೋಗುತ್ತಾರೆ. ಅಲ್ಲಿ ಪ್ರೋಗ್ರೆಸ್ ಸರಿ. ವಾರ್ಡ್ ಗಡಿಯ ನಕ್ಷೆಯನ್ನು ಎಳೆದು ನೋಡುವಂತಿದ್ದರೆ ಬಿಚ್ಚಿದ ಕೈಗೆ ಗ್ರ್ಯಾಬ್, ಎಳೆಯುತ್ತಿರುವಾಗ ಗ್ರ್ಯಾಬಿಂಗ್. ದೊಡ್ಡದು ಮಾಡಲು ಝೂಮ್-ಇನ್, ಚಿಕ್ಕದು ಮಾಡಲು ಝೂಮ್-ಔಟ್. ಜಾಗ ನಿಖರವಾಗಿ ಗುರುತಿಸಲು ಕ್ರಾಸ್‌ಹೇರ್. ಕೋಷ್ಟಕದ ಕಂಬಸಾಲಿನ ಅಗಲ ಬದಲಿಸಲು ಕಾಲ್-ರಿಸೈಜ್. ಸದ್ಯಕ್ಕೆ ಒತ್ತಲಾಗದ ಗುಂಡಿಗೆ ನಾಟ್-ಅಲೌಡ್, ವಿವರಣೆ ತೆರೆಯುವ ಚಿಹ್ನೆಗೆ ಹೆಲ್ಪ್. ಇವೆಲ್ಲ ಇಂದಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿಗಳ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಒಂದೇ ಅರ್ಥದಲ್ಲಿ ನಡೆಯುತ್ತವೆ. ಸಾಮಾನ್ಯ ಸೈಟೊಂದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಾಗದು.

ಇಷ್ಟಕ್ಕೆ ತೃಪ್ತಿಪಡದೆ ತಮ್ಮದೇ ಚಿತ್ರವನ್ನು ಕರ್ಸರ್ ಮಾಡಿಕೊಡಿ ಎನ್ನುವವರಿಗೆ ಸಿಎಸ್‌ಎಸ್‌ನಲ್ಲಿ ಅವಕಾಶವಿದೆ. ಚಿತ್ರದ ವಿಳಾಸ ಕೊಡಬೇಕು, ಚಿತ್ರದ ಯಾವ ಬಿಂದು ಕ್ಲಿಕ್ಕಾಗಬೇಕು ಎಂದು ಎಡದಿಂದ ಮತ್ತು ಮೇಲಿನಿಂದ ಎಣಿಸಿ ಎರಡು ಅಂಕಿ ಕೊಡಬೇಕು, ಕೊನೆಯಲ್ಲಿ ಅಲ್ಪವಿರಾಮ ಹಾಕಿ ಮಾಮೂಲಿ ಹೆಸರೊಂದನ್ನು ಕೊಡಲೇಬೇಕು. ಆ ಕೊನೆಯ ಹೆಸರು ಮರೆತರೆ ಸಾಲು ಪೂರ್ತಿ ಅಸಿಂಧು, ಚಿತ್ರವೂ ಬರುವುದಿಲ್ಲ. ಒಂದು ಬ್ರೌಸರಿನಲ್ಲಿ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ ಎಂದು ಹಿಂದೆ ಕೇಳಿಬರುತ್ತಿದ್ದ ದೂರುಗಳಿಗೆ ಇದೂ ಒಂದು ಕಾರಣ, ಏಕೆಂದರೆ ಎಕ್ಸ್‌ಪ್ಲೋರರ್ ಈ ತಪ್ಪನ್ನು ಮನ್ನಿಸುತ್ತಿತ್ತು, ಫೈರ್‌ಫಾಕ್ಸ್ ಮನ್ನಿಸುತ್ತಿರಲಿಲ್ಲ. ಚಿತ್ರ ಪಿಎನ್‌ಜಿ ಅಥವಾ ವಿಂಡೋಸ್‌ನ ಕರ್ ಕಡತವಾಗಿರಲಿ. ಕುಣಿಯುವ ಅನಿ ಕಡತಗಳ ಆಸೆ ಬಿಡಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್ 128 ಪಿಕ್ಸೆಲ್‌ಗಿಂತ ಅಗಲದ ಅಥವಾ ಎತ್ತರದ ಚಿತ್ರವನ್ನು ಕಡೆಗಣಿಸುತ್ತವೆ. ಎಲ್ಲ ಕಡೆ ನಡೆಯುವ ಅಳತೆ 32ಕ್ಕೆ 32. ದೊಡ್ಡ ಚಿತ್ರದ ಮೇಲಿನ ಬಿಗಿ ಮುಂದೆ ಇನ್ನಷ್ಟು ಹೆಚ್ಚಿತು, ಅದೂ ಸುಮ್ಮನೆ ಅಲ್ಲ. 2018ರಲ್ಲಿ ನಕಲಿ ತಾಂತ್ರಿಕ ಸಹಾಯದ ಮೋಸಗಾರರು ಪಾರದರ್ಶಕವಾದ ದೊಡ್ಡ ಚಿತ್ರವೊಂದನ್ನು ಕರ್ಸರ್ ಮಾಡಿದರು. ಬಾಣ ಒಂದು ಕಡೆ ಕಾಣುತ್ತಿತ್ತು, ಕ್ಲಿಕ್ ಇನ್ನೊಂದು ಕಡೆ ಬೀಳುತ್ತಿತ್ತು. ಬೆದರಿಸುವ ಪುಟವನ್ನು ಮುಚ್ಚಲು ಮೇಲಿನ ಗುಣಾಕಾರ ಚಿಹ್ನೆಯನ್ನು ಒತ್ತಿದರೂ ಒತ್ತು ಅಲ್ಲಿಗೆ ತಲುಪುತ್ತಿರಲಿಲ್ಲ. ಮರುವರ್ಷ ಕ್ರೋಮ್, 32 ಪಿಕ್ಸೆಲ್ ಮೀರಿದ ಕರ್ಸರ್ ಪುಟದ ಅಂಚು ದಾಟಿ ಬ್ರೌಸರಿನ ಸ್ವಂತ ಪಟ್ಟಿಯ ಮೇಲೆ ಚಾಚಿಕೊಂಡರೆ ಅದನ್ನು ತೆಗೆದು ಮಾಮೂಲಿ ಬಾಣ ತೋರಿಸುವ ನಿಯಮ ತಂದಿತು. ಕರ್ಸರ್ ಎಲ್ಲಿದೆ ಎಂಬುದು ಬಳಕೆದಾರರಿಗೂ ಯಂತ್ರಕ್ಕೂ ನಡುವಿನ ನಂಬಿಕೆ, ಅದನ್ನು ಪುಟದ ಕೈಗೆ ಪೂರ್ತಿ ಒಪ್ಪಿಸಲಾಗದು ಎಂದು ಬ್ರೌಸರ್ ಮಾಡುವವರೇ ತೀರ್ಮಾನಿಸಿದ್ದಾರೆ.

ಇನ್ನೂ ಮುಂದೆ ಹೋಗಿ, ನಿಜವಾದ ಕರ್ಸರನ್ನು ನನ್ ಎಂಬ ಹೆಸರಿನಿಂದ ಅಡಗಿಸಿ, ಮೌಸ್ ಹಿಂದೆಯೇ ಓಡುವ ಬಣ್ಣದ ಚುಕ್ಕೆಯೊಂದನ್ನು ಜಾವಾಸ್ಕ್ರಿಪ್ಟಿನಿಂದ ಬಿಡಿಸುವ ಫ್ಯಾಷನ್ ಡಿಸೈನ್ ಸ್ಟುಡಿಯೋಗಳ ಸೈಟುಗಳಲ್ಲಿ ಹಬ್ಬಿದೆ. ಎಲ್ಲ ಬ್ರೌಸರಿನಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಒಂದೇ ರೂಪ ಬೇಕು ಎನ್ನುವವರಿಗೆ ಇದು ಕೊನೆಯ ಅಸ್ತ್ರ, ನನ್ನ ಪ್ರಕಾರ ಅತ್ಯಂತ ಕೆಟ್ಟದ್ದು. ನಿಜವಾದ ಕರ್ಸರನ್ನು ಆಪರೇಟಿಂಗ್ ಸಿಸ್ಟಮ್ ಪುಟದ ಹಂಗಿಲ್ಲದೆ ಬಿಡಿಸುತ್ತದೆ. ಪುಟ ತಡವರಿಸುತ್ತಿದ್ದರೂ ಬಾಣ ಕೈಯ ಜೊತೆಗೇ ಚಲಿಸುತ್ತದೆ. ನಕಲಿ ಚುಕ್ಕೆ ಪುಟದ ಭಾಗ. ಪುಟ ತಡೆದರೆ ಅದೂ ತಡೆಯುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅದು ಕೈಗಿಂತ ಹಿಂದೆ ಎಳೆದುಕೊಂಡು ಬರುತ್ತದೆ. ಪುಟದೊಳಗೆ ಕೂರಿಸಿದ ನಕ್ಷೆ ಅಥವಾ ವೀಡಿಯೊ ಚೌಕಟ್ಟಿನ ಮೇಲೆ ಹೋದರೆ ಅದು ಅಂಚಿನಲ್ಲೇ ನಿಂತುಬಿಡುತ್ತದೆ. ಪರದೆ ಹಿಗ್ಗಿಸಿ ತೋರಿಸುವ ವಿಂಡೋಸ್ ಮ್ಯಾಗ್ನಿಫೈಯರ್ ಹಿಂಬಾಲಿಸುವುದು ನಿಜವಾದ ಕರ್ಸರನ್ನು. ಅದು ಅಡಗಿದ್ದರೆ ನೋಡುವವರಿಗೆ ಉಳಿಯುವುದು ತಡವಾಗಿ ಬರುವ ಚುಕ್ಕೆ ಮಾತ್ರ.

ಇಲ್ಲಿ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಸರ್ವಜ್ಞನಗರದಲ್ಲಿ ಈ ವಿಷಯ ಮಾತಾಡುವಾಗ ಲಿಂಗರಾಜಪುರವನ್ನು ಮರೆಯಲಾಗದು. 1959ರಲ್ಲಿ ಎನ್. ಎಸ್. ಹೇಮಾ ಅವರು ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ, ಅಂದರೆ ಎಲ್ಲರೂ ಕರೆಯುವ ಎಪಿಡಿ, ಅಲ್ಲೇ ಇದೆ. ಅದರ ಶ್ರದ್ಧಾಂಜಲಿ ಸಮಗ್ರ ಶಾಲೆಯೂ ಅಲ್ಲೇ. ಅಂಗವೈಕಲ್ಯವಿರುವವರು ಓದಿ, ತರಬೇತಿ ಪಡೆದು, ಕೆಲಸಕ್ಕೆ ಸೇರುವ ನೆರೆಹೊರೆ ಇದು. ಕೈ ನಡುಗುವವರು, ದೃಷ್ಟಿ ಮಂದವಾದವರು, ಬಣ್ಣ ಗುರುತಿಸಲು ಕಷ್ಟಪಡುವವರು, ಕಣ್ಣಿನ ಪೊರೆ ಬಂದ ಹಿರಿಯರು ಇವರಿಗೆಲ್ಲ ಪರದೆಯ ಮೇಲೆ ಸಣ್ಣ ಬಾಣವನ್ನು ಹುಡುಕುವುದೇ ದೊಡ್ಡ ಕೆಲಸ. ಅವರಿಗಾಗಿ ಆಪರೇಟಿಂಗ್ ಸಿಸ್ಟಮ್‌ಗಳು ಒಳ್ಳೆಯ ಸೌಲಭ್ಯ ಕೊಟ್ಟಿವೆ. ಪುಟ ಬರೆದವರು ಪಾಯಿಂಟರ್, ಟೆಕ್ಸ್ಟ್ ಎಂಬಂಥ ಹೆಸರುಗಳನ್ನು ಬಳಸಿದ್ದರೆ ಆ ಸೌಲಭ್ಯ ಎಲ್ಲ ಬ್ರೌಸರಿನಲ್ಲೂ ಹಾಗೆಯೇ ದೊರೆಯುತ್ತದೆ: ಬಾಣವನ್ನು ದೊಡ್ಡದು ಮಾಡಿಕೊಂಡವರಿಗೆ ಕೈ ಗುರುತೂ ದೊಡ್ಡದಾಗಿಯೇ ಬರುತ್ತದೆ, ಹಳದಿ ಮಾಡಿಕೊಂಡವರಿಗೆ ಹಳದಿಯಾಗಿಯೇ. ಪುಟ ಬರೆದವರು ತಮ್ಮ ಚಿತ್ರ ಹೇರಿದ್ದರೆ ಆ ಪುಟಕ್ಕೆ ಕಾಲಿಟ್ಟ ಕ್ಷಣ ಆ ವ್ಯಕ್ತಿಯ ಆಯ್ಕೆ ಅಳಿದು 32 ಪಿಕ್ಸೆಲ್‌ನ ಚಿತ್ರ ಬಂದು ಕೂರುತ್ತದೆ. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತಿರಬೇಕು ಎಂದು ಹೇಳುತ್ತದೆ. ಕೇಂದ್ರ ಸರ್ಕಾರ ತನ್ನ ವೆಬ್‌ಸೈಟುಗಳಿಗೆ 2009ರಲ್ಲಿ ಹೊರತಂದು 2023ರಲ್ಲಿ ಮೂರನೇ ಆವೃತ್ತಿಗೆ ಪರಿಷ್ಕರಿಸಿದ ಮಾರ್ಗಸೂಚಿಯ ಒಂದು ಮುಖ್ಯ ಕಾಳಜಿಯೂ ಇದೇ. ಕಾಯ್ದೆಯ ಹೆದರಿಕೆ ಇರಲಿ ಬಿಡಲಿ, ಒಬ್ಬರ ಕಣ್ಣಿಗೆ ಹೊಂದಿಸಿಕೊಂಡದ್ದನ್ನು ಕಿತ್ತುಕೊಳ್ಳುವ ಹಕ್ಕು ಯಾವ ಬೇಕರಿಯ ಸೈಟಿಗೂ ಇಲ್ಲ.

ಆ ಸೌಲಭ್ಯಗಳು ಇರುವುದೆಲ್ಲಿ ಎಂಬುದು ಓದುಗರಿಗೆ ನೇರವಾಗಿ ಉಪಯೋಗಕ್ಕೆ ಬರುವ ಸಂಗತಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿಗೆ ಹೋಗಿ ಮೌಸ್ ಪಾಯಿಂಟರ್ ಅಂಡ್ ಟಚ್ ಒತ್ತಿದರೆ ಬಿಳಿ, ಕಪ್ಪು, ಹಿನ್ನೆಲೆಗೆ ತಕ್ಕಂತೆ ತಿರುವುಮುರುವಾಗುವ ಬಣ್ಣ, ಸ್ವಂತ ಬಣ್ಣ ಎಂಬ ನಾಲ್ಕು ಆಯ್ಕೆಗಳೂ 1ರಿಂದ 15ರವರೆಗಿನ ಗಾತ್ರದ ಪಟ್ಟಿಯೂ ಸಿಗುತ್ತವೆ. ವಿಂಡೋಸ್ 10ರಲ್ಲಿ ಇದೇ ಸೌಲಭ್ಯ ಈಸ್ ಆಫ್ ಆಕ್ಸೆಸ್ ಎಂಬ ವಿಭಾಗದಲ್ಲಿದೆ. ಬಾಣ ಆಗಾಗ ಕಳೆದುಹೋಗುತ್ತಿದ್ದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗದಲ್ಲಿ, ಕಂಟ್ರೋಲ್ ಕೀ ಒತ್ತಿದಾಗ ಬಾಣವಿರುವ ಜಾಗ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಿ. ಕೀ ಒತ್ತಿ ಬಿಟ್ಟಾಗ ಬಾಣದ ಸುತ್ತ ವೃತ್ತಗಳು ಮೂಡುತ್ತವೆ. ಅಲ್ಲೇ ಪಾಯಿಂಟರ್ಸ್ ಎಂಬ ಭಾಗದಲ್ಲಿ ಇಡೀ ಕರ್ಸರ್ ಗುಂಪನ್ನೇ ಬದಲಿಸಬಹುದು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಡಿಸ್‌ಪ್ಲೇ ಎಂದು ಹೋದರೆ ಪಾಯಿಂಟರ್ ಗಾತ್ರದ ಜೊತೆಗೆ ಅಂಚಿನ ಬಣ್ಣ, ಒಳಗಿನ ಬಣ್ಣ ಬದಲಿಸುವ ಅವಕಾಶ 2021ರ ಮಾಂಟೆರೇ ಆವೃತ್ತಿಯಿಂದ ಇದೆ. ಮೌಸನ್ನು ಬೇಗಬೇಗ ಅತ್ತಿತ್ತ ಆಡಿಸಿದರೆ ಬಾಣ ಕ್ಷಣಕಾಲ ದೊಡ್ಡದಾಗುತ್ತದೆ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕರ್ಸರ್ ಗಾತ್ರವಿದೆ. ಹೀಗೆ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಮಾಡಿದ ಬದಲಾವಣೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲಕ್ಕೂ, ನುಡಿಯಲ್ಲಿ ಟೈಪ್ ಮಾಡುವ ವರ್ಡ್ ಕಡತಕ್ಕೂ ಒಟ್ಟಿಗೇ ಅನ್ವಯಿಸುತ್ತದೆ. ಬ್ರೌಸರಿಗೆ ಸೇರಿಸಿಕೊಳ್ಳುವ ಕರ್ಸರ್ ಎಕ್ಸ್‌ಟೆನ್ಷನ್‌ಗಳಿಂದ ಇದಾಗದು. ಅವು ಹಾಕಿಕೊಂಡ ಬ್ರೌಸರಿನಲ್ಲಿ ಮಾತ್ರ ನಡೆಯುತ್ತವೆ, ಅದರಲ್ಲೂ ಬ್ರೌಸರಿನ ಸ್ವಂತ ಸೆಟ್ಟಿಂಗ್ಸ್ ಪುಟಗಳಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಪುಟದಲ್ಲೂ ಕರ್ಸರ್ ಬದಲಿಸಬೇಕಾದ್ದರಿಂದ ಎಲ್ಲ ಸೈಟುಗಳ ಮಾಹಿತಿ ಓದುವ, ಬದಲಿಸುವ ಅನುಮತಿ ಕೇಳುತ್ತವೆ. ಬಣ್ಣದ ಬಾಣವೊಂದರ ಸಲುವಾಗಿ ಬ್ಯಾಂಕಿನ ಪುಟವನ್ನೂ ಮೂರನೆಯವರ ಮುಂದೆ ತೆರೆದಿಡುವುದು ಬೇಡ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಗಾತ್ರ ಬದಲಿಸಿಕೊಂಡರೆ ಏಳುವ ಮುನ್ನ ಮೊದಲಿನಂತೆ ಮಾಡಿಡಿ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬ್ರ್ಯಾಂಡಿನದು. ನಮ್ಮ ಅಂಗಡಿಗೆ ನಮ್ಮದೇ ಗುರುತಿರಬೇಕು, ಮಕ್ಕಳ ಸೈಟಿನಲ್ಲಿ ಪೆನ್ಸಿಲ್ ಆಕಾರದ ಕರ್ಸರ್ ಇದ್ದರೆ ಏನು ತಪ್ಪು ಎಂದು ಕೇಳುತ್ತಾರೆ. ಗುರುತು ಬೇಕೆಂಬುದು ಸರಿಯಾದ ಬಯಕೆ, ಆದರೆ ಅದಕ್ಕೆ ಲೋಗೊ, ಬಣ್ಣ, ಅಕ್ಷರ ಶೈಲಿ, ಚಿತ್ರ ಎಲ್ಲ ಇವೆ. ಗ್ರಾಹಕರ ಕೈಯಲ್ಲಿರುವ ಉಪಕರಣದ ಮೇಲೆ ಅದನ್ನು ಅಚ್ಚೊತ್ತಬೇಕಿಲ್ಲ. ಪೆನ್ಸಿಲ್ ವಿಷಯದಲ್ಲಿ ಒಂದು ವಿನಾಯಿತಿಯನ್ನು ನಾನು ಒಪ್ಪುತ್ತೇನೆ. ಚಿತ್ರ ಬಿಡಿಸುವ ಹಲಗೆ, ಆಟ, ನಕ್ಷೆಯ ಮೇಲೆ ಗೆರೆ ಎಳೆಯುವ ಸಾಧನ ಇಂಥಲ್ಲಿ ಕರ್ಸರೇ ಕೆಲಸದ ಉಪಕರಣ. ಮಗು ಈಗ ಹಿಡಿದಿರುವುದು ಪೆನ್ಸಿಲೋ ರಬ್ಬರೋ ಎಂದು ಹೇಳುವ ಮಾಮೂಲಿ ಹೆಸರು ಸಿಎಸ್‌ಎಸ್‌ನಲ್ಲಿ ಇಲ್ಲ. ಆ ಹಲಗೆಯ ಚೌಕದೊಳಗೆ ಮಾತ್ರ ಚಿತ್ರದ ಕರ್ಸರ್ ಹಾಕಿ, ಕ್ಲಿಕ್ ಬಿಂದುವನ್ನು ಪೆನ್ಸಿಲಿನ ಮೊನೆಗೇ ಹೊಂದಿಸಿ, ಕಪ್ಪು ಚಿತ್ರಕ್ಕೆ ಬಿಳಿ ಅಂಚು ಕೊಟ್ಟು ಎರಡೂ ಹಿನ್ನೆಲೆಯಲ್ಲಿ ಕಾಣುವಂತೆ ಮಾಡಿ, ಕೊನೆಯಲ್ಲಿ ಕ್ರಾಸ್‌ಹೇರ್ ಎಂದು ಬರೆಯಿರಿ. ಜೊತೆಗೆ ಚಿತ್ರ ಕರ್ಸರ್ ಬೇಡ ಎನ್ನುವ ಆಯ್ಕೆಯೊಂದನ್ನೂ ಇಡಿ. ಚೌಕದ ಹೊರಗೆ ಬಂದೊಡನೆ ಮಾಮೂಲಿ ಬಾಣ ಮರಳಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅರ್ಥ ಒಂದೇ ಇರಲಿ ಎನ್ನುತ್ತೀರಿ, ಆದರೆ ಅರ್ಥದ ವಿಷಯದಲ್ಲೇ ಒಮ್ಮತವಿಲ್ಲವಲ್ಲ ಎಂಬುದು ಅದು. ಗುಂಡಿಯ ಮೇಲೆ ಕೈ ಗುರುತು ಬರಬೇಕೇ ಬಾಣ ಬರಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ. ಕೈ ಗುರುತು ಲಿಂಕಿನ ಚಿಹ್ನೆ ಎಂದು ಡಬ್ಲ್ಯು3ಸಿ ವಿವರಣೆ ಹೇಳುತ್ತದೆ; ವಿಂಡೋಸ್, ಮ್ಯಾಕ್ ಎರಡರಲ್ಲೂ ಗುಂಡಿಗಳ ಮೇಲೆ ಬಾಣವೇ ಇರುವುದು ರೂಢಿ; ಬ್ರೌಸರುಗಳೂ ಗುಂಡಿಗೆ ತಾವಾಗಿ ಬಾಣವನ್ನೇ ಕೊಡುತ್ತವೆ. ಡಿಸೈನರುಗಳ ನಡುವೆ ಬಹಳ ಬಳಕೆಯಲ್ಲಿರುವ ಟೈಲ್‌ವಿಂಡ್ ಎಂಬ ಸಾಧನ ಮೊದಲು ಗುಂಡಿಗೆ ಕೈ ಗುರುತು ಕೊಡುತ್ತಿತ್ತು, 2025ರ ಆರಂಭದಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಬಾಣಕ್ಕೆ ಮರಳಿತು. ಆವೃತ್ತಿ ಬದಲಿಸಿದೊಡನೆ ಸೈಟಿನ ಗುಂಡಿಗಳೆಲ್ಲ ಕೈ ಕಳೆದುಕೊಂಡದ್ದು ಇದರಿಂದಲೇ. ಬ್ರೌಸರ್ ಕೆಟ್ಟಿದೆ ಎಂದು ಭಾವಿಸುವುದು ಬೇಡ. ಶಾಸ್ತ್ರದ ಮಾತು ಬಾಣದ ಪರವಾಗಿದ್ದರೂ ನನ್ನ ಒಲವು ಕೈಯ ಕಡೆಗೆ. ಡೆಸ್ಕ್‌ಟಾಪ್ ತಂತ್ರಾಂಶದ ಗುಂಡಿಗಳು ಎಲ್ಲ ಕಡೆ ಒಂದೇ ತರ ಇರುತ್ತಿದ್ದುದರಿಂದ ಅಲ್ಲಿ ಬಾಣ ಸಾಕಾಗುತ್ತಿತ್ತು. ವೆಬ್‌ನಲ್ಲಿ ಗುಂಡಿಗೆ ನೂರು ರೂಪ. ಬಣ್ಣ ಬಳಿದ ಚಪ್ಪಟೆ ಆಯತ ಗುಂಡಿಯೋ ಬರಿಯ ಶೀರ್ಷಿಕೆಯೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಅಂಥಲ್ಲಿ ಕೈ ಮೂಡಿದರೆ ಅನುಮಾನ ನೀಗುತ್ತದೆ. ಇದನ್ನು ಒಪ್ಪದವರು ಬಾಣವನ್ನೇ ಇಟ್ಟುಕೊಳ್ಳಲಿ. ಆದರೆ ಸೈಟಿನ ಒಂದು ಪುಟದಲ್ಲಿ ಕೈ, ಇನ್ನೊಂದರಲ್ಲಿ ಬಾಣ ಬೇಡ. ಬಟನ್ ಎಂಬ ಅಂಶಕ್ಕೆ ಕಡತದ ಮೊದಲಲ್ಲೇ ಒಂದು ಸಾಲು ಬರೆದು ತೀರ್ಮಾನಿಸಿಬಿಟ್ಟರೆ ಟೈಲ್‌ವಿಂಡ್ ಬದಲಾದರೂ ಸೈಟು ಬದಲಾಗದು. ಒತ್ತಿದರೆ ಏನೂ ಆಗದ ಜಾಗಕ್ಕೆ ಕೈ ಗುರುತು ಕೊಡುವುದಂತೂ ಸುಳ್ಳು ಹೇಳಿದಂತೆಯೇ.

ಜನರೆಲ್ಲ ಮೊಬೈಲಿಗೆ ಬಂದಾಗಿದೆ, ಬೆರಳಿಗೆ ಎಲ್ಲಿಯ ಕರ್ಸರ್ ಎನ್ನುವವರೂ ಇದ್ದಾರೆ. ಮೊಬೈಲಿನಲ್ಲಿ ನೋಡುವವರು ಹೆಚ್ಚು ನಿಜ. ಆದರೆ ಉದ್ದದ ಅರ್ಜಿ ತುಂಬುವುದು, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸುವುದು, ಪ್ರವೇಶಪತ್ರ ಪ್ರಿಂಟ್ ತೆಗೆಯುವುದು ಇಂಥ ತಪ್ಪಾಗಬಾರದ ಕೆಲಸಗಳಿಗೆ ಜನ ಇಂದಿಗೂ ಸೈಬರ್ ಸೆಂಟರಿನ, ಆಫೀಸಿನ ಮೌಸಿನ ಮುಂದೆ ಕೂರುತ್ತಾರೆ. ಆ ಹೊತ್ತಿನಲ್ಲಿ ಕರ್ಸರ್ ಕೊಡುವ ಸುಳಿವಿಗೆ ಬೆಲೆಯಿದೆ. ಈ ಆಕ್ಷೇಪದಿಂದ ಕಲಿಯಬೇಕಾದದ್ದು ಬೇರೊಂದಿದೆ: ಒತ್ತಬಹುದಾದ ಜಾಗ ಎಂಬುದನ್ನು ಕರ್ಸರ್ ಒಂದರಿಂದಲೇ ತಿಳಿಸಬಾರದು. ಲಿಂಕಿಗೆ ಅಡಿಗೆರೆ, ಗುಂಡಿಗೆ ಅಂಚು, ಒತ್ತಲಾಗದ ಗುಂಡಿಯ ಪಕ್ಕದಲ್ಲಿ ಏಕೆ ಆಗದು ಎಂಬ ಒಂದು ಸಾಲು ಇರಲಿ. ಮೌಸ್ ಇರುವವರಿಗೆ ಕರ್ಸರ್ ಅದನ್ನೇ ಇನ್ನೊಮ್ಮೆ ಹೇಳಲಿ.

ಹೆಸರು ಸರಿಯಾಗಿದ್ದೂ ಕರ್ಸರ್ ತಪ್ಪು ಬರುವ ಕೆಲವು ಜಾಗಗಳಿವೆ, ಇವು ಎಷ್ಟೋ ಹೊತ್ತು ತಿನ್ನುತ್ತವೆ. ಒತ್ತಲಾಗದ ಗುಂಡಿಗೆ ನಾಟ್-ಅಲೌಡ್ ಕೊಟ್ಟು, ಜೊತೆಗೆ ಕ್ಲಿಕ್ ತಡೆಯಲು ಪಾಯಿಂಟರ್-ಈವೆಂಟ್ಸ್ ಎಂಬ ಗುಣಕ್ಕೆ ನನ್ ಎಂದು ಬರೆದರೆ, ಬ್ರೌಸರಿನ ಪಾಲಿಗೆ ಆ ಗುಂಡಿಯ ಮೇಲೆ ಮೌಸ್ ಬರುವುದೇ ಇಲ್ಲ. ಹಿಂದಿರುವುದರ ಕರ್ಸರ್ ಕಾಣುತ್ತದೆ. ನಾಟ್-ಅಲೌಡನ್ನು ಗುಂಡಿಯ ಸುತ್ತಲಿನ ಹೊದಿಕೆಗೆ ವರ್ಗಾಯಿಸಿದರೆ ಸರಿಹೋಗುತ್ತದೆ. ಎಚ್‌ರೆಫ್ ವಿಳಾಸವಿಲ್ಲದ ಲಿಂಕಿಗೆ ಬ್ರೌಸರ್ ಕೈ ಕೊಡುವುದಿಲ್ಲ, ಕೀಬೋರ್ಡಿನ ಟ್ಯಾಬ್ ಕೀ ಕೂಡ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಕರ್ಸರ್ ಅಂಟಿಸುವ ಬದಲು ನಿಜವಾದ ಬಟನ್ ಬಳಸಬೇಕು. ಇಡೀ ಪುಟಕ್ಕೆ ವೇಟ್ ಕೊಡಲು ಬಾಡಿ ಎಂಬ ಅಂಶಕ್ಕೆ ಮಾತ್ರ ಬರೆದರೆ ಲಿಂಕುಗಳೂ ಅಕ್ಷರ ತುಂಬುವ ಚೌಕಗಳೂ ತಮ್ಮ ಕರ್ಸರನ್ನು ಬಿಟ್ಟುಕೊಡುವುದಿಲ್ಲ, ಪುಟ ಚಿಕ್ಕದಿದ್ದರೆ ಕೆಳಗಿನ ಖಾಲಿ ಜಾಗದಲ್ಲೂ ಭರವಸೆಯಿಲ್ಲ. ಅದಕ್ಕೆ ಎಚ್‌ಟಿಎಂಎಲ್ ಮೂಲ ಅಂಶಕ್ಕೆ ಒಂದು ಕ್ಲಾಸ್ ಹಚ್ಚಿ ಅದಕ್ಕೂ ಅದರೊಳಗಿನ ಎಲ್ಲಕ್ಕೂ ವೇಟ್ ಎಂದು ಇಂಪಾರ್ಟೆಂಟ್ ಸಮೇತ ಬರೆಯಬೇಕು. ಕೆಲಸ ಮುಗಿದಾಗ ಆ ಕ್ಲಾಸನ್ನು ತೆಗೆಯಬೇಕು, ನೆಟ್ ಕೈಕೊಟ್ಟು ಕೆಲಸ ಕೆಟ್ಟಾಗಲೂ ತೆಗೆಯಬೇಕು. ಎರಡನೆಯದನ್ನು ಮರೆತ ಸೈಟಿನಲ್ಲಿ ಕಾಯುವ ಚಿಹ್ನೆ ಶಾಶ್ವತವಾಗಿ ತಿರುಗುತ್ತಲೇ ಇರುತ್ತದೆ. ಜಾವಾಸ್ಕ್ರಿಪ್ಟಿನಿಂದ ನೇರವಾಗಿ ಬದಲಿಸಿದ್ದರೆ ಮರಳಿಸುವಾಗ ಡಿಫಾಲ್ಟ್ ಎಂದು ಬರೆಯದೆ ಬೆಲೆಯನ್ನು ಖಾಲಿ ಬಿಡಿ. ಡಿಫಾಲ್ಟ್ ಎಂದರೆ ಎಲ್ಲ ಕಡೆ ಬಾಣ ಎಂದೇ ಅರ್ಥ, ಖಾಲಿ ಎಂದರೆ ಮೊದಲಿದ್ದುದಕ್ಕೆ ಮರಳು ಎಂದರ್ಥ. ಪುಟದೊಳಗಿನ ಬೇರೆ ಸೈಟಿನ ಚೌಕಟ್ಟಿಗೆ ನಮ್ಮ ಕರ್ಸರ್ ನಿಯಮ ತಲುಪುವುದೇ ಇಲ್ಲ. ಎಚ್‌ಟಿಎಂಎಲ್‌ನ ಎಳೆದು ಬಿಡುವ ಸೌಲಭ್ಯ ಬಳಸಿ ಕಡತ ಏರಿಸುವಾಗ ಕಾಣುವ ಗುರುತನ್ನು ಸಿಎಸ್‌ಎಸ್ ಆಳುವುದಿಲ್ಲ, ಜಾವಾಸ್ಕ್ರಿಪ್ಟಿನ ಡ್ರಾಪ್‌ಎಫೆಕ್ಟ್ ಎಂಬ ಬೇರೆ ಗುಣ ಆಳುತ್ತದೆ.

ಪರೀಕ್ಷೆಗೆ ಹತ್ತು ಬ್ರೌಸರ್ ಬೇಕಿಲ್ಲ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ ಒಂದೇ ಎಂಜಿನ್ನಿನವು. ಅವುಗಳಲ್ಲಿ ಒಂದು, ಫೈರ್‌ಫಾಕ್ಸ್, ಸಫಾರಿ, ಹೀಗೆ ಮೂರು ನೋಡಿದರೆ ಸಾಕು. ಒಮ್ಮೆ ವಿಂಡೋಸ್‌ನಲ್ಲಿ, ಒಮ್ಮೆ ಮ್ಯಾಕ್‌ನಲ್ಲಿ ಪುಟದ ಪ್ರತಿ ಲಿಂಕ್, ಗುಂಡಿ, ಅಕ್ಷರ ಚೌಕ, ನಕ್ಷೆಯ ಮೇಲೆ ಮೌಸ್ ಆಡಿಸಿ, ಕರ್ಸರ್ ಹೇಳಿದ್ದು ನಡೆಯುತ್ತದೆಯೇ ನೋಡಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬಾಣವನ್ನು ದೊಡ್ಡದು ಮಾಡಿ, ಗಾಢ ಹಳದಿ ಬಣ್ಣ ಕೊಟ್ಟು ಅದೇ ಸುತ್ತು ಇನ್ನೊಮ್ಮೆ ಹೊಡೆಯಿರಿ. ಎಲ್ಲಾದರೂ ಬಾಣ ಇದ್ದಕ್ಕಿದ್ದಂತೆ ಚಿಕ್ಕದಾದರೆ, ಬಣ್ಣ ಕಳೆದುಕೊಂಡರೆ, ಅಡಗಿದರೆ, ಅಲ್ಲಿ ಯಾರೋ ಚಿತ್ರ ಹೇರಿದ್ದಾರೆ ಅಥವಾ ನಿಜವಾದ ಕರ್ಸರನ್ನು ಅಡಗಿಸಿದ್ದಾರೆ ಎಂದೇ ಅರ್ಥ. ಸರ್ವಜ್ಞನಗರದಲ್ಲಿ ಸೈಟು ಮಾಡಿಸುತ್ತಿರುವ ಶಾಲೆ, ಆಸ್ಪತ್ರೆ, ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಸೈಟು ಒಪ್ಪಿಸಿಕೊಳ್ಳುವ ದಿನ, ಕೊನೆಯ ಕಂತಿನ ಹಣ ಕೊಡುವ ಮುನ್ನ, ಈ ಎರಡನೇ ಸುತ್ತನ್ನು ಡೆವಲಪರ್ ಪಕ್ಕದಲ್ಲಿ ಕೂತು ನೀವೇ ಹೊಡೆದು ನೋಡಿ, ಚಿತ್ರ ಬಿಡಿಸುವ ಹಲಗೆಯಂಥ ಜಾಗ ಬಿಟ್ಟು ಚಿತ್ರದ ಕರ್ಸರ್ ಕಂಡ ಕಡೆಯಲ್ಲೆಲ್ಲ ಅದನ್ನು ತೆಗೆಸಿ.